ಐವತ್ತಕ್ಕೆ ಐವತ್ತು ಎಂದರೆ ಸಮಪಾಲಲ್ಲ: ಸಿಇಟಿ ರ‍್ಯಾಂಕ್ ಹುಟ್ಟುವ ಬಗೆ

ಕರ್ನಾಟಕದಲ್ಲಿ ಎಂಜಿನಿಯರಿಂಗ್ ಸೀಟಿಗೆ ರ‍್ಯಾಂಕ್ ಕೊಡುವ ಸೂತ್ರ ಒಂದೇ ಸಾಲಿನದು. ದ್ವಿತೀಯ ಪಿಯುಸಿಯ ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತದ ಅಂಕಗಳಿಗೆ 50. ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆಯಾದ ಸಿಇಟಿಯಲ್ಲಿ ಅದೇ ಮೂರು ವಿಷಯಗಳ ಅಂಕಗಳಿಗೆ 50. ಕೂಡಿಸಿ, ಮೇಲಿಂದ ಕೆಳಕ್ಕೆ ಪಟ್ಟಿ ಮಾಡಿದರೆ ಮುಗಿಯಿತು. ಸಂದರ್ಶನವಿಲ್ಲ, ಶಿಫಾರಸು ಪತ್ರವಿಲ್ಲ, ಯಾರ ಮುಖವನ್ನೂ ಯಾರೂ ನೋಡುವುದಿಲ್ಲ. ಆದರೂ ಫಲಿತಾಂಶ ಬಂದ ವಾರ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ: ಪಿಯುಸಿಯಲ್ಲಿ ನನಗೆ 98, ಅವನಿಗೆ 90, ರ‍್ಯಾಂಕಿನಲ್ಲಿ ಮಾತ್ರ ಅವನೇ ಮುಂದೆ, ಅದು ಹೇಗೆ?

ಲೆಕ್ಕ ಹಾಕಿ ನೋಡೋಣ. ಮೊದಲನೆಯವಳಿಗೆ ಪಿಯುಸಿಯಲ್ಲಿ 300ಕ್ಕೆ 294, ಅಂದರೆ ಶೇ 98. ಅದರ ಅರ್ಧ 49. ಸಿಇಟಿಯಲ್ಲಿ 180ಕ್ಕೆ 90, ಅಂದರೆ ಶೇ 50. ಅದರ ಅರ್ಧ 25. ಒಟ್ಟು 74. ಎರಡನೆಯವನಿಗೆ ಪಿಯುಸಿಯಲ್ಲಿ 270, ಅದು 45 ಆಯಿತು. ಸಿಇಟಿಯಲ್ಲಿ 108, ಅದು 30 ಆಯಿತು. ಒಟ್ಟು 75. ಪಿಯುಸಿಯಲ್ಲಿ 24 ಅಂಕ ಹಿಂದಿದ್ದವನು ಸಿಇಟಿಯ 18 ಅಂಕದಿಂದ ಆ ಅಂತರವನ್ನೆಲ್ಲ ತುಂಬಿಕೊಂಡು ಮುಂದೆ ಹೋದ.

ಕಾರಣ ಸರಳ. ಪಿಯುಸಿಯ 300 ಅಂಕವೂ 50ಕ್ಕೆ ಇಳಿಯುತ್ತದೆ, ಸಿಇಟಿಯ 180 ಅಂಕವೂ 50ಕ್ಕೆ ಇಳಿಯುತ್ತದೆ. ಪಿಯುಸಿಯ ಒಂದು ಅಂಕದ ಬೆಲೆ 0.167, ಸಿಇಟಿಯ ಒಂದು ಅಂಕದ ಬೆಲೆ 0.278. ಎರಡು ದೇಶಗಳ ಹಣದ ವಿನಿಮಯ ದರದಂತೆ ಇದನ್ನು ನೆನಪಿಟ್ಟುಕೊಳ್ಳಬಹುದು: ಸಿಇಟಿಯ 3 ಅಂಕ, ಪಿಯುಸಿಯ 5 ಅಂಕಕ್ಕೆ ಸಮ. ಓದುವ ಸಮಯವನ್ನು ಹೇಗೆ ಹಂಚಿಕೊಳ್ಳಬೇಕೆಂದು ಕೇಳುವ ಮಕ್ಕಳಿಗೆ ಮೊದಲು ಹೇಳಿಕೊಡಬೇಕಾದ ಲೆಕ್ಕ ಇದು. ಹೆಚ್ಚಿನ ಕಾಲೇಜುಗಳಲ್ಲಿ ಇದನ್ನು ಯಾರೂ ಹೇಳುವುದಿಲ್ಲ.

ತೂಕ ಕಾಗದದಲ್ಲಲ್ಲ, ಹರವಿನಲ್ಲಿ

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಸಂಗತಿಯಿದೆ. ಒಂದು ಮಾನದಂಡಕ್ಕೆ ನಿಯಮದಲ್ಲಿ ಎಷ್ಟು ತೂಕ ಬರೆದಿದ್ದಾರೆ ಎನ್ನುವುದು ಬೇರೆ, ರ‍್ಯಾಂಕನ್ನು ಅದು ನಿಜವಾಗಿ ಎಷ್ಟು ಅಲುಗಾಡಿಸುತ್ತದೆ ಎನ್ನುವುದು ಬೇರೆ. ಎರಡನೆಯದನ್ನು ನಿರ್ಧರಿಸುವುದು ಅಂಕಗಳ ಹರವು.

ಒಳ್ಳೆಯ ಕಾಲೇಜೊಂದರ ಕಂಪ್ಯೂಟರ್ ಸೈನ್ಸ್ ಸೀಟಿಗೆ ಸ್ಪರ್ಧಿಸುವವರನ್ನು ತೆಗೆದುಕೊಳ್ಳಿ. ಅವರ ಪಿಯುಸಿ ಅಂಕ ಶೇ 93ರಿಂದ 99ರ ಒಳಗೆ ಕಿಕ್ಕಿರಿದಿದೆ, ಸಿಇಟಿ ಅಂಕ ಶೇ 45ರಿಂದ 75ರವರೆಗೆ ಹರಡಿದೆ ಎಂದುಕೊಳ್ಳೋಣ. ಆಗ ಪಿಯುಸಿಯಿಂದ ಇಬ್ಬರ ನಡುವೆ ಆಗಬಹುದಾದ ಅತಿ ಹೆಚ್ಚು ವ್ಯತ್ಯಾಸ 3, ಸಿಇಟಿಯಿಂದ ಆಗಬಹುದಾದದ್ದು 15. ಕಾಗದದ ಮೇಲೆ 50:50. ಆ ಗುಂಪಿನೊಳಗೆ ಪೈಪೋಟಿ ನಡೆಯುವುದು ಬಹುಪಾಲು ಸಿಇಟಿಯೊಂದರ ಮೇಲೆ. ಪಿಯುಸಿ ಮೌಲ್ಯಮಾಪನ ಉದಾರವಾದಷ್ಟೂ, ಎಲ್ಲರೂ 95 ದಾಟಿದಷ್ಟೂ, ಪಿಯುಸಿಯ ಪಾಲಿನ 50 ಹೆಸರಿಗಷ್ಟೇ ಉಳಿಯುತ್ತದೆ. ನಿಯಮದ ಒಂದಕ್ಷರವೂ ಬದಲಾಗಿರುವುದಿಲ್ಲ, ತೂಕ ಮಾತ್ರ ಬದಲಾಗಿರುತ್ತದೆ.

ಇದೇ ಹರವು ಇನ್ನೊಂದು ಕಡೆ ಕಚ್ಚುತ್ತದೆ. ಭೌತ, ರಸಾಯನ ವಿಷಯಗಳಲ್ಲಿ ತಲಾ 30 ಅಂಕ ಪ್ರಾಯೋಗಿಕಕ್ಕೆ, ಗಣಿತದಲ್ಲಿ ಈಗ 20 ಅಂಕ ಆಂತರಿಕ ಮೌಲ್ಯಮಾಪನಕ್ಕೆ. ಒಟ್ಟು 300ರಲ್ಲಿ 80 ಅಂಕ ಲಿಖಿತ ಪರೀಕ್ಷೆಯ ಹೊರಗಿನದು. ಎಲ್ಲ ಕಡೆ ಎಲ್ಲರಿಗೂ ಪೂರ್ತಿ ಅಂಕ ಕೊಟ್ಟರೆ ಆ 80 ಅಂಕದಿಂದ ಯಾರಿಗೂ ಲಾಭವಿಲ್ಲ, ನಷ್ಟವಿಲ್ಲ. ತೊಂದರೆಯಾಗುವುದು ಒಂದು ಕಡೆ ಧಾರಾಳ, ಇನ್ನೊಂದು ಕಡೆ ಬಿಗಿ ಇದ್ದಾಗ. ನಿಷ್ಠುರ ಪರೀಕ್ಷಕರು ಒಂದು ವಿಷಯದಲ್ಲಿ 30ಕ್ಕೆ 24 ಕೊಟ್ಟರೆ ಆ 6 ಅಂಕ ಒಟ್ಟು ಮೊತ್ತದಲ್ಲಿ ಸರಿಯಾಗಿ 1 ಆಗುತ್ತದೆ. ಅದನ್ನು ತುಂಬಿಕೊಳ್ಳಲು ಸಿಇಟಿಯಲ್ಲಿ 4 ಪ್ರಶ್ನೆ ಹೆಚ್ಚಿಗೆ ಸರಿ ಮಾಡಬೇಕು.

4 ಪ್ರಶ್ನೆ ಎಂದರೆ ಎಷ್ಟು ರ‍್ಯಾಂಕ್? ಎಂಜಿನಿಯರಿಂಗ್ ಪಟ್ಟಿಯಲ್ಲಿ ಈಗ 2 ಲಕ್ಷಕ್ಕೂ ಹೆಚ್ಚು ಹೆಸರುಗಳಿರುತ್ತವೆ. ಅಷ್ಟೂ ಮಂದಿ 0ಯಿಂದ 100ರವರೆಗೆ ಸಮನಾಗಿ ಹರಡಿದ್ದಾರೆ ಎಂದುಕೊಂಡರೂ ಸಿಇಟಿಯ ಒಂದೇ ಒಂದು ಅಂಕಕ್ಕೆ ಸುಮಾರು 550 ರ‍್ಯಾಂಕ್ ಬರುತ್ತದೆ. ವಾಸ್ತವದಲ್ಲಿ ಯಾರೂ ಹಾಗೆ ಸಮನಾಗಿ ಹರಡಿರುವುದಿಲ್ಲ. ತುದಿಯಲ್ಲಿ ವಿರಳ, ನಡುವೆ ದಟ್ಟಣೆ. ಹಾಗಾಗಿ ಮೊದಲ ಸಾವಿರದಲ್ಲಿ ಒಂದು ಅಂಕದಿಂದ ಕೆಲವೇ ರ‍್ಯಾಂಕ್ ಬದಲಾದರೆ, ಮಧ್ಯದಲ್ಲಿ ಅದೇ ಒಂದು ಅಂಕ ಸಾವಿರಗಳ ಲೆಕ್ಕದಲ್ಲಿ ಎತ್ತಿ ಹಾಕುತ್ತದೆ.

ಜೊತೆಗೆ ಅದೃಷ್ಟದ ಪಾಲನ್ನೂ ಸೇರಿಸಿ. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ಪ್ರತಿ ಪ್ರಶ್ನೆಗೆ 4 ಆಯ್ಕೆ. ಆದ್ದರಿಂದ ಗೊತ್ತಿಲ್ಲದ್ದನ್ನು ಖಾಲಿ ಬಿಡುವುದು ದಡ್ಡತನ. ಮೂರು ವಿಷಯ ಸೇರಿ 40 ಪ್ರಶ್ನೆಗಳನ್ನು ಕಣ್ಣುಮುಚ್ಚಿ ಗುರುತು ಮಾಡಿದವರಿಗೆ ಸರಾಸರಿ 10 ಸರಿಯಾಗುತ್ತದೆ. ಆದರೆ ಒಬ್ಬರಿಗೆ 7, ಇನ್ನೊಬ್ಬರಿಗೆ 13 ಸರಿಯಾಗುವುದು ತೀರ ಸಾಮಾನ್ಯ, ಸಂಭವನೀಯತೆಯ ಲೆಕ್ಕವೇ ಹಾಗಿದೆ. ಆ 6 ಅಂಕ ಪಿಯುಸಿಯ 10 ಅಂಕಕ್ಕೆ ಸಮ. 40,000ನೇ ರ‍್ಯಾಂಕಿನವನು 43,000ನೇ ರ‍್ಯಾಂಕಿನವನಿಗಿಂತ ಜಾಣ ಎಂದು ಹೇಳುವ ಶಕ್ತಿ ಈ ಪರೀಕ್ಷೆಗಿಲ್ಲ. ಇಬ್ಬರಲ್ಲಿ ಯಾರನ್ನು ಮೊದಲು ಕರೆಯಬೇಕು ಎನ್ನುವುದಷ್ಟನ್ನೇ ಅದು ಹೇಳುತ್ತದೆ.

ಹಾಗಾದರೆ ಅಂಕವೇ ಯಾಕೆ?

ಇಷ್ಟೆಲ್ಲ ಕೊರತೆ ಇದ್ದರೂ ಅಂಕದ ಪಟ್ಟಿಗೆ ನಾವು ಅಂಟಿಕೊಂಡಿರುವುದಕ್ಕೆ ಇತಿಹಾಸವಿದೆ. 1960ರ ದಶಕದ ಮೈಸೂರು ರಾಜ್ಯದಲ್ಲಿ ವೃತ್ತಿಪರ ಕಾಲೇಜು ಸೇರಲು ಸಂದರ್ಶನವಿತ್ತು. ಐಚ್ಛಿಕ ವಿಷಯಗಳ ಗರಿಷ್ಠ ಅಂಕಗಳ ಶೇ 25ರಷ್ಟನ್ನು ಅದಕ್ಕೆ ಇಡಲಾಗಿತ್ತು. ಸಾಮಾನ್ಯ ಜ್ಞಾನ, ಅಭಿರುಚಿ ಮತ್ತು ವ್ಯಕ್ತಿತ್ವ, ಹಿಂದಿನ ಓದು, ಎನ್‌ಸಿಸಿ, ಆಟ, ಚರ್ಚೆ, ನಾಟಕ ಹೀಗೆ ಎಲ್ಲವನ್ನೂ ಅಲ್ಲಿ ತೂಗಬೇಕಿತ್ತು. ಆರ್. ಚಿತ್ರಲೇಖಾ ವಿರುದ್ಧ ಮೈಸೂರು ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1964ರಲ್ಲಿ ಬಹುಮತದಿಂದ ಈ ಪದ್ಧತಿಯನ್ನು ಎತ್ತಿಹಿಡಿಯಿತು. ದುರುಪಯೋಗವಾಗಬಹುದು ಎಂಬ ಒಂದೇ ಕಾರಣಕ್ಕೆ ಸಂದರ್ಶನ ಕಾನೂನುಬಾಹಿರವಾಗುವುದಿಲ್ಲ ಎನ್ನುವುದು ಅದರ ಧೋರಣೆ.

1981ರ ಹೊತ್ತಿಗೆ ಗಾಳಿ ತಿರುಗಿತ್ತು. ಶ್ರೀನಗರದ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಿನ ಪ್ರವೇಶವನ್ನು ಪ್ರಶ್ನಿಸಿದ ಅಜಯ್ ಹಾಸಿಯಾ ಪ್ರಕರಣದಲ್ಲಿ ಲಿಖಿತ ಪರೀಕ್ಷೆಗೆ 100 ಅಂಕ, ಮೌಖಿಕಕ್ಕೆ 50. ಸಂದರ್ಶನ ನಡೆದದ್ದು ತಲಾ ಎರಡು-ಮೂರು ನಿಮಿಷ. ಅದರಲ್ಲೂ ತಂದೆತಾಯಿ ಯಾರು, ಮನೆ ಎಲ್ಲಿ ಎಂದು ಕೇಳಿ ಕಳಿಸಿದರೆಂಬುದು ಅರ್ಜಿದಾರರ ದೂರು. ಲಿಖಿತದಲ್ಲಿ ಮುಂದಿದ್ದವರು ಮೌಖಿಕದಲ್ಲಿ ಪಾತಾಳಕ್ಕಿಳಿದಿದ್ದರು. ಒಟ್ಟು ಅಂಕದ ಶೇ 15ಕ್ಕಿಂತ ಹೆಚ್ಚನ್ನು ಸಂದರ್ಶನಕ್ಕೆ ಇಡುವುದು ಮನಸೋಇಚ್ಛೆಯ ಕ್ರಮ ಎಂದು ನ್ಯಾಯಾಲಯ ಹೇಳಿತು. ಹರವಿನ ಮಾತು ಇಲ್ಲಿಗೂ ಹೊಂದುತ್ತದೆ. ಲಿಖಿತದಲ್ಲಿ ಹತ್ತಿರ ಹತ್ತಿರ ಇರುವವರ ನಡುವೆ, ಸಂದರ್ಶಕರು 10ರಿಂದ 45ರವರೆಗೆ ಎಲ್ಲಿ ಬೇಕಾದರೂ ಅಂಕ ಹಾಕಬಹುದಾದರೆ, ಮೂರನೇ ಒಂದು ಪಾಲಿನ ತೂಕದ ಸಂದರ್ಶನ ಇಡೀ ಪಟ್ಟಿಯನ್ನೇ ಬರೆಯುತ್ತದೆ.

ಸುಪ್ರೀಂ ಕೋರ್ಟಿನ 1993ರ ಉನ್ನಿಕೃಷ್ಣನ್ ತೀರ್ಪಿನ ನಂತರ ಖಾಸಗಿ ವೃತ್ತಿಪರ ಕಾಲೇಜುಗಳ ಸೀಟುಗಳಿಗೂ ಅರ್ಹತೆಯ ಪಟ್ಟಿ ಅನಿವಾರ್ಯವಾಯಿತು. 1994ರಲ್ಲಿ ಸಿಇಟಿ ಕೋಶ ಹುಟ್ಟಿತು. ಮಲ್ಲೇಶ್ವರದ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಜನರ ಬಾಯಲ್ಲಿ ಕೆಇಎ, ಅದರದೇ ಮುಂದುವರಿಕೆ. ಸೀಟಿಗೆ ಹಣ ಸುರಿಯಬೇಕಿದ್ದ ಕ್ಯಾಪಿಟೇಷನ್ ಶುಲ್ಕದ ಕಾಲ ಕಂಡವರಿಗೆ, ಮಗುವಿನ ಹೆಸರಿನ ಮುಂದೆ ಒಂದು ಸಂಖ್ಯೆ, ಆ ಸಂಖ್ಯೆಯ ಸರದಿ ಬಂದಾಗ ಒಂದು ಸೀಟು ಎನ್ನುವುದೇ ದೊಡ್ಡ ಬಿಡುಗಡೆಯಾಗಿತ್ತು.

ಎರಡು ಬಗೆಯ ಅಳತೆ ಕೂಡಿಸುವಾಗ

ಅಂಕಗಳನ್ನು ನಂಬಬಹುದು ಎಂದಿಟ್ಟುಕೊಂಡರೂ, ಬೇರೆ ಬೇರೆ ಮೂಲದ ಅಂಕಗಳನ್ನು ಒಂದೇ ಪಟ್ಟಿಗೆ ತರುವಾಗ ನಿಜವಾದ ಕಷ್ಟ ಶುರುವಾಗುತ್ತದೆ. ಕರ್ನಾಟಕದಲ್ಲಿ 2022ರಲ್ಲಿ ಇದು ಬೀದಿಗೆ, ಅಲ್ಲಿಂದ ಹೈಕೋರ್ಟಿಗೆ ಹೋಯಿತು.

ಕೋವಿಡ್‌ನಿಂದಾಗಿ 2021ರ ದ್ವಿತೀಯ ಪಿಯುಸಿ ಪರೀಕ್ಷೆ ನಡೆಯಲಿಲ್ಲ. ಎಸ್ಸೆಸ್ಸೆಲ್ಸಿ, ಪ್ರಥಮ ಪಿಯುಸಿ ಅಂಕಗಳ ಆಧಾರದ ಮೇಲೆ ಫಲಿತಾಂಶ ಕೊಟ್ಟರು. ಆ ಸಾಲಿನಲ್ಲಿ 600ಕ್ಕೆ 600 ಪಡೆದವರೇ 2,239 ಮಂದಿ. ಆ ವರ್ಷ ರ‍್ಯಾಂಕಿಗೆ ಸಿಇಟಿ ಅಂಕ ಮಾತ್ರ ಪರಿಗಣಿಸಿದ್ದರಿಂದ ಗಲಾಟೆಯಾಗಲಿಲ್ಲ. ಎಲ್ಲರಿಗೂ ಒಂದೇ ಗೆರೆ. ಮರುವರ್ಷ ಪಿಯುಸಿ ಪರೀಕ್ಷೆ ನಡೆದು 50:50 ಮರಳಿತು. ಆಗ 2021ರಲ್ಲಿ ಪಾಸಾಗಿ ಮತ್ತೆ ಸಿಇಟಿ ಬರೆದ ಸುಮಾರು 24 ಸಾವಿರ ಮಂದಿಯನ್ನು ಏನು ಮಾಡುವುದು? ಅವರ ಪಿಯುಸಿ ಅಂಕವನ್ನು ಬಿಟ್ಟು, ಸಿಇಟಿ ಅಂಕದ ಮೇಲೆಯೇ ರ‍್ಯಾಂಕ್ ಕೊಟ್ಟರು.

ಮೇಲಿನ ಉದಾಹರಣೆಯ ಹುಡುಗಿಯನ್ನೇ ತನ್ನಿ. ಪಿಯುಸಿ ಶೇ 98, ಸಿಇಟಿ ಶೇ 50. ಹೊಸ ಬ್ಯಾಚಿನವಳಾಗಿದ್ದರೆ ಅವಳ ಮೊತ್ತ 74. ಹಳೆಯ ಬ್ಯಾಚಿನವಳಾಗಿದ್ದರೆ ಬರೀ 50. ಅದೇ ಪ್ರಶ್ನೆಪತ್ರಿಕೆ, ಅದೇ ಉತ್ತರ, 24ರ ಅಂತರ. ಪಿಯುಸಿ ಅಂಕ ಸಾಮಾನ್ಯವಾಗಿ ಸಿಇಟಿ ಅಂಕಕ್ಕಿಂತ ಬಹಳ ಮೇಲಿರುವುದರಿಂದ, ಅದನ್ನು ಕಿತ್ತ ಕೂಡಲೇ ಆ ಗುಂಪಿನ ಎಲ್ಲರೂ ಒಟ್ಟಿಗೆ ಕುಸಿದರು. ಇಬ್ಬರನ್ನೂ ನೂರಕ್ಕೇ ಅಳೆದಿದ್ದೇವೆ ಎಂಬ ಸಮರ್ಥನೆ ನಿಲ್ಲುವಂಥದ್ದಲ್ಲ. ಎರಡು ನೂರುಗಳು ಬೇರೆ ಬೇರೆ ನೂರುಗಳು.

2022ರ ಸೆಪ್ಟೆಂಬರ್ ಆರಂಭದಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಅವರಿಗೂ 50:50 ಅನ್ವಯಿಸಿ ಹೊಸ ಪಟ್ಟಿ ಮಾಡಲು ಹೇಳಿತು. ಆಗ ಹೊಸ ಬ್ಯಾಚಿನ ಅಳಲು ಶುರು: ಪರೀಕ್ಷೆಯನ್ನೇ ಬರೆಯದೆ ಪಡೆದ ಅಂಕಕ್ಕೂ, ನಾವು ಬರೆದು ಪಡೆದ ಅಂಕಕ್ಕೂ ಒಂದೇ ಬೆಲೆಯೇ? ಅದೂ ನ್ಯಾಯವಾದ ಮಾತೇ. ಮೇಲ್ಮನವಿಯ ಹಂತದಲ್ಲಿ ರಾಜಿ ಸೂತ್ರ ಬಂತು. 2021ರ ತಂಡದ ಪಿಯುಸಿ ಅಂಕದಲ್ಲಿ ಸರಾಸರಿ ಶೇ 6ರಷ್ಟು ಕಡಿತ ಮಾಡಿ, ಉಳಿದದ್ದನ್ನು 50:50ಕ್ಕೆ ತೆಗೆದುಕೊಳ್ಳುವುದು. ನಮ್ಮ ಹುಡುಗಿಯ 98 ಈಗ 92 ಎಂದುಕೊಂಡರೆ ಮೊತ್ತ 71. ಹೊಸ ಬ್ಯಾಚಿನವಳಿಗಿಂತ 3 ಕಡಿಮೆ, ಅಂದರೆ ಸಿಇಟಿಯ ಸುಮಾರು 11 ಪ್ರಶ್ನೆಗಳಷ್ಟು. ಒರಟು ಪರಿಹಾರವೇ. ಆದರೆ ಅದರ ಒರಟುತನ ಎಷ್ಟೆಂದು ಲೆಕ್ಕ ಹಾಕಿ ತೋರಿಸಬಹುದು, ವಾದಿಸಬಹುದು. ಮೊದಲಿನ ನಿರ್ಧಾರದಲ್ಲಿ ಆ ಸೌಕರ್ಯ ಇರಲಿಲ್ಲ.

ಬೇರೆ ಬೇರೆ ಬೋರ್ಡುಗಳ ಪ್ರಶ್ನೆಯೂ ಇಂಥದ್ದೇ. ರಾಜ್ಯ ಪಿಯು, ಸಿಬಿಎಸ್‌ಇ, ಐಎಸ್‌ಸಿ ಅಂಕಗಳನ್ನು ಕರ್ನಾಟಕ ಇದ್ದ ಹಾಗೆಯೇ ಕೂಡಿಸುತ್ತದೆ. ತಮಿಳುನಾಡು ಬೋರ್ಡಿನ ಅತ್ಯುನ್ನತ ಅಂಕವನ್ನು ಹಿಡಿದು ಸರಿದೂಗಿಸುತ್ತದೆ: ತಮಿಳುನಾಡು ಬೋರ್ಡಿನಲ್ಲಿ ಗರಿಷ್ಠ 100, ಇನ್ನೊಂದು ಬೋರ್ಡಿನಲ್ಲಿ 95 ಆಗಿದ್ದರೆ ಆ 95ನ್ನು 100 ಎಂದು ಎಣಿಸಿ ಉಳಿದವರನ್ನು ಅದೇ ಅನುಪಾತದಲ್ಲಿ ಏರಿಸುವುದು. ಇದರ ದೋಷ ಎದ್ದು ಕಾಣುತ್ತದೆ. ಲಕ್ಷಾಂತರ ಮಕ್ಕಳ ಭವಿಷ್ಯ ಆ ಬೋರ್ಡಿನ ಒಬ್ಬ ಅಗ್ರಶ್ರೇಣಿಯವನ ಅಂಕಕ್ಕೆ ತೂಗುಹಾಕಿಕೊಂಡಿರುತ್ತದೆ.

ರಾಷ್ಟ್ರಮಟ್ಟದ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆ ಜೆಇಇ ಮೇನ್‌ನ ದಾರಿ ಬೇರೆ. ಹಲವು ಪಾಳಿಗಳಲ್ಲಿ ಬೇರೆ ಬೇರೆ ಪ್ರಶ್ನೆಪತ್ರಿಕೆ ಇರುವುದರಿಂದ ಅಲ್ಲಿ ಪರ್ಸೆಂಟೈಲ್ ಲೆಕ್ಕ. ನಿಮ್ಮ ಪಾಳಿಯಲ್ಲಿ ನಿಮ್ಮಷ್ಟೇ ಅಥವಾ ನಿಮಗಿಂತ ಕಡಿಮೆ ಅಂಕ ಪಡೆದವರ ಸಂಖ್ಯೆಯನ್ನು ಆ ಪಾಳಿಗೆ ಹಾಜರಾದವರ ಒಟ್ಟು ಸಂಖ್ಯೆಯಿಂದ ಭಾಗಿಸಿ 100ರಿಂದ ಗುಣಿಸಿದರೆ ಬರುವುದೇ ನಿಮ್ಮ ಅಂಕ. ಏಳು ದಶಾಂಶ ಸ್ಥಾನಗಳವರೆಗೆ. ಹಾಗಾಗಿ 100 ಪರ್ಸೆಂಟೈಲ್ ಎಂದರೆ ಪೂರ್ಣ ಅಂಕವೆಂದಲ್ಲ, ಆ ಪಾಳಿಯ ಮೊದಲಿಗರೆಂದು. ಈ ವಿಧಾನ ಸರಿಯಾಗಬೇಕಾದರೆ ಒಂದು ಷರತ್ತು ಬೇಕು: ಎಲ್ಲ ಪಾಳಿಗಳಲ್ಲೂ ಜಾಣರು, ಸಾಧಾರಣರು ಒಂದೇ ಪ್ರಮಾಣದಲ್ಲಿರಬೇಕು. ಪಾಳಿಗಳನ್ನು ಯಾದೃಚ್ಛಿಕವಾಗಿ ಹಂಚಿದರೆ ಅದು ಬಹುಮಟ್ಟಿಗೆ ನಿಜವಾಗುತ್ತದೆ. ಬೋರ್ಡುಗಳ ನಡುವೆ ಅದು ನಿಜವಾಗುವುದಿಲ್ಲ, ಯಾಕೆಂದರೆ ಯಾವ ಮಗು ಯಾವ ಬೋರ್ಡಿನಲ್ಲಿ ಓದುತ್ತದೆ ಎನ್ನುವುದು ಚೀಟಿ ಎತ್ತಿ ಆದದ್ದಲ್ಲ. ಅಪ್ಪನ ಸಂಬಳ, ಊರು, ಮಾಧ್ಯಮ ಎಲ್ಲ ಅದರೊಳಗಿದೆ. ಬೋರ್ಡುಗಳಿಗೂ ಪರ್ಸೆಂಟೈಲ್ ತಂದುಬಿಡಿ ಎಂದು ಸುಲಭವಾಗಿ ಹೇಳುವವರು ಈ ಷರತ್ತನ್ನು ಮರೆಯುತ್ತಾರೆ.

ಆಟದ ನಡುವೆ ನಿಯಮ

ಸೂತ್ರ ಒಳ್ಳೆಯದೋ ಕೆಟ್ಟದ್ದೋ, ಅದು ಯಾವಾಗ ಪ್ರಕಟವಾಯಿತು ಎನ್ನುವುದು ಪ್ರತ್ಯೇಕ ಪ್ರಶ್ನೆ. ಕೇರಳದಲ್ಲಿ 2025ರ ಎಂಜಿನಿಯರಿಂಗ್ ಪ್ರವೇಶ ಪಟ್ಟಿ ಹೊರಬೀಳುವ ಹೊತ್ತಿಗೆ ಕೈಪಿಡಿಯನ್ನು ತಿದ್ದಿ, ಬೋರ್ಡ್ ಅಂಕಗಳನ್ನು ಸರಿದೂಗಿಸುವ ವಿಧಾನವನ್ನೂ, ಗಣಿತ-ಭೌತ-ರಸಾಯನಗಳ ಪ್ರಮಾಣವನ್ನೂ ಬದಲಿಸಿದರು. ಸಮಾನವಾಗಿದ್ದ ಮೂರು ವಿಷಯ 5:3:2 ಆಯಿತು. ರಾಜ್ಯ ಪಠ್ಯಕ್ರಮದ ಮಕ್ಕಳಿಗೆ ಹಳೆಯ ವಿಧಾನದಿಂದ ಅನ್ಯಾಯವಾಗುತ್ತಿದೆ ಎಂಬ ದೂರಿಗೆ ಉತ್ತರವಾಗಿ ಬಂದ ಬದಲಾವಣೆ ಅದು, ದೂರಿನಲ್ಲಿ ಹುರುಳೂ ಇತ್ತು. ಆದರೂ ಜುಲೈನಲ್ಲಿ ಕೇರಳ ಹೈಕೋರ್ಟ್ ಪಟ್ಟಿಯನ್ನು ರದ್ದುಮಾಡಿತು. ಹಳೆಯ ಸೂತ್ರದಂತೆ ಹೊಸ ಪಟ್ಟಿ ಬಂತು, ಸಾವಿರಾರು ಮಕ್ಕಳ ಸ್ಥಾನ ರಾತ್ರೋರಾತ್ರಿ ಅದಲುಬದಲಾಯಿತು. ಸರಿಯಾದ ತಿದ್ದುಪಡಿಯನ್ನು ತಪ್ಪಾದ ದಿನ ಮಾಡಿದರೆ ಆಗುವುದು ಇದೇ.

ನಮ್ಮಲ್ಲಿ 2024ರ ಸಿಇಟಿಯಲ್ಲಿ ಆದದ್ದು ಇನ್ನೂ ವಿಚಿತ್ರ. ಪಠ್ಯಕ್ರಮದಿಂದ ಕೈಬಿಟ್ಟಿದ್ದ ಪಾಠಗಳಿಂದ ಪ್ರಶ್ನೆ ಬಂದವು. ತಜ್ಞರ ವರದಿಯ ಮೇಲೆ ನಾಲ್ಕೂ ವಿಷಯಗಳಿಂದ 50 ಪ್ರಶ್ನೆ ಕೈಬಿಟ್ಟರು: ಭೌತದಲ್ಲಿ 9, ರಸಾಯನ ಮತ್ತು ಗಣಿತದಲ್ಲಿ ತಲಾ 15, ಜೀವವಿಜ್ಞಾನದಲ್ಲಿ 11. ಎಲ್ಲರಿಗೂ ಒಂದೇ ಪ್ರಶ್ನೆಗಳನ್ನು ಕಳೆದಿದ್ದಾರಲ್ಲ, ಅನ್ಯಾಯವೇನು? ಅನ್ಯಾಯ ಸಮಯದಲ್ಲಿದೆ. 60 ಪ್ರಶ್ನೆಗೆ 80 ನಿಮಿಷವೆಂದರೆ ಒಂದಕ್ಕೆ 80 ಸೆಕೆಂಡ್. ಗಣಿತದ ಆ 15 ಪ್ರಶ್ನೆಗಳ ಮೇಲೆ ಪ್ರಾಮಾಣಿಕವಾಗಿ ಹೆಣಗಿದವನು 20 ನಿಮಿಷ ಕಳೆದುಕೊಂಡ. ನೋಡಿದ ಕೂಡಲೇ ಯಾವುದೋ ಒಂದು ಗುರುತು ಹಾಕಿ ಮುಂದೆ ಹೋದವನು ಅದೇ 20 ನಿಮಿಷವನ್ನು ಉಳಿದ 45ಕ್ಕೆ ಬಳಸಿದ. ಆ ನಿಮಿಷಗಳನ್ನು ಯಾವ ಕೀ ಉತ್ತರವೂ ಮರಳಿಸುವುದಿಲ್ಲ. ವಿನಿಮಯ ದರವೂ ಜಾರಿತು. ಮೂರು ವಿಷಯಗಳ 180 ಈಗ 141ಕ್ಕೆ ಇಳಿದರೆ, ಸಿಇಟಿಯ ಒಂದು ಅಂಕಕ್ಕೆ ಪಿಯುಸಿಯ 1.67ರ ಬದಲು 2.13 ಅಂಕದ ಬೆಲೆ.

ವೈದ್ಯಕೀಯ ಪ್ರವೇಶ ಪರೀಕ್ಷೆ ನೀಟ್ 2024ರ ಕೃಪಾಂಕದ ಕಥೆಯೂ ಸಮಯದ್ದೇ. ಪರೀಕ್ಷಾ ಕೇಂದ್ರದಲ್ಲಿ ಸಮಯ ನಷ್ಟವಾಯಿತೆಂದು 1,563 ಮಂದಿಗೆ ಕೃಪಾಂಕ ಕೊಟ್ಟು, ವಿವಾದವಾದ ಮೇಲೆ ಹಿಂಪಡೆದು, ಬೇಕಾದವರಿಗೆ ಜೂನ್ 23ರಂದು ಮರುಪರೀಕ್ಷೆ ನಡೆಸಿದರು. 813 ಮಂದಿ ಬರೆದರು. ಕಳೆದ ನಿಮಿಷಕ್ಕೆ ಅಂಕದ ಬೆಲೆ ಕಟ್ಟುವುದಕ್ಕಿಂತ ಮರುಪರೀಕ್ಷೆಯೇ ನೇರವಾದ ದಾರಿ.

ಅಂಕ ಸಮನಾದಾಗ ಏನು ಮಾಡುವುದೆಂಬುದೂ ಮೊದಲೇ ಬರೆದಿರಬೇಕು. ಜೆಇಇ ಮೇನ್‌ನಲ್ಲಿ ವಿಷಯವಾರು ಅಂಕ, ಆಮೇಲೆ ತಪ್ಪು-ಸರಿ ಉತ್ತರಗಳ ಅನುಪಾತ ನೋಡುತ್ತಾರೆ. ವಯಸ್ಸಿನಲ್ಲಿ ಹಿರಿಯರಿಗೆ ಮೊದಲ ಸ್ಥಾನ ಎಂಬ ಹಳೆಯ ಪದ್ಧತಿಯೂ ಹಲವು ಕಡೆ ಬಳಕೆಯಲ್ಲಿತ್ತು. ತಮಿಳುನಾಡು ಪ್ರತಿ ಅರ್ಜಿದಾರರಿಗೂ ಮೊದಲೇ ಹತ್ತಂಕಿಯ ಯಾದೃಚ್ಛಿಕ ಸಂಖ್ಯೆ ಕೊಟ್ಟು, ಕೊನೆಯ ಗಂಟನ್ನು ಅದರಿಂದ ಬಿಡಿಸುತ್ತದೆ. ಹುಟ್ಟಿದ ದಿನಾಂಕಕ್ಕೂ ಯೋಗ್ಯತೆಗೂ ಸಂಬಂಧ ಕಲ್ಪಿಸುವುದಕ್ಕಿಂತ, ಇದು ಲಾಟರಿ ಎಂದು ಒಪ್ಪಿಕೊಳ್ಳುವ ಕ್ರಮವೇ ಹೆಚ್ಚು ಪ್ರಾಮಾಣಿಕ.

ಕೋಟಾ ಎಂಬ ಇನ್ನೊಂದು ಅಳತೆ

ರ‍್ಯಾಂಕಿನ ಮೇಲೆ ಮೀಸಲಾತಿಯ ಪದರ ಬರುತ್ತದೆ. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಗೆ ಶೇ 17, ಪರಿಶಿಷ್ಟ ಪಂಗಡಕ್ಕೆ 7, ಹಿಂದುಳಿದ ವರ್ಗಗಳ ಪ್ರವರ್ಗ 1ಕ್ಕೆ 4, 2ಎಗೆ 15, 2ಬಿಗೆ 4, 3ಎಗೆ 4, 3ಬಿಗೆ 5. ಇವು ಲಂಬ ಮೀಸಲಾತಿ, ಅಂದರೆ ಪ್ರತಿ ವರ್ಗಕ್ಕೂ ಬೇರೆ ಬೇರೆ ಪಾಲು. ಪ್ರತಿಯೊಂದರ ಒಳಗೂ ಗ್ರಾಮೀಣರಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಅಡ್ಡವಾಗಿ ಹರಿಯುತ್ತದೆ. ಕಟ್‌ಆಫ್ ಪಟ್ಟಿಯಲ್ಲಿ 2ಎಜಿ, 2ಎಆರ್, 2ಎಕೆ ಎಂದು ಮೂರು ಕಂಬ ಕಾಣುವುದು ಇದರಿಂದ: ಪ್ರವರ್ಗದ ಸಾಮಾನ್ಯ, ಗ್ರಾಮೀಣ, ಕನ್ನಡ ಮಾಧ್ಯಮ. ಕೊನೆಯಲ್ಲಿ ಎಚ್ ಸೇರಿದ್ದರೆ ಅದು ಸಂವಿಧಾನದ 371ಜೆ ವಿಧಿಯಡಿ ಕಲ್ಯಾಣ ಕರ್ನಾಟಕದ ಪಾಲು. ಜಿಎಂ (ಜನರಲ್ ಮೆರಿಟ್) ಎಂಬ ಕಂಬ ಮೇಲ್ಜಾತಿಯವರ ಕೋಟಾ ಎಂದು ಅನೇಕರು ತಿಳಿದಿದ್ದಾರೆ. ಅದು ಯಾರ ಕೋಟಾವೂ ಅಲ್ಲ, ರ‍್ಯಾಂಕ್ ಇದ್ದ ಯಾರಿಗೂ ತೆರೆದದ್ದು. ಪ್ರವೇಶ ಪರೀಕ್ಷೆಯ ಅಂಕವೊಂದೇ ಅರ್ಹತೆಯಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಜನವರಿಯಲ್ಲಿ, ವೈದ್ಯಕೀಯ ಸೀಟುಗಳ ಹಿಂದುಳಿದ ವರ್ಗಗಳ ಮೀಸಲಾತಿಯನ್ನು ಎತ್ತಿಹಿಡಿಯುವಾಗ ಹೇಳಿದ್ದನ್ನು ಮೇಲಿನ ಲೆಕ್ಕಗಳ ಜೊತೆ ಇಟ್ಟು ಓದಬೇಕು.

ಆದರೆ ಇಲ್ಲಿನ ಅಳತೆಗಳಲ್ಲೂ ಒರಟುತನವಿದೆ. ಗ್ರಾಮೀಣ ಎನಿಸಿಕೊಳ್ಳಲು 1ರಿಂದ 10ನೇ ತರಗತಿಯವರೆಗೆ ಪೂರ್ತಿ ಹತ್ತು ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು. ಏಳನೇ ತರಗತಿ ಮುಗಿಸಿ ಹೈಸ್ಕೂಲಿಗೆ ತಾಲ್ಲೂಕು ಕೇಂದ್ರದ ಹಾಸ್ಟೆಲ್ ಸೇರಿದ ಮಗುವಿಗೆ ಏಳು ವರ್ಷಕ್ಕೆ ಸಿಗುವುದು ಸೊನ್ನೆ. ಬೆಂಗಳೂರಿನ ಅಂಚಿನಲ್ಲಿ, ಪಂಚಾಯಿತಿ ಗಡಿಯೊಳಗೆ ಕಟ್ಟಿದ ದುಬಾರಿ ಶಾಲೆಗೆ ಹವಾನಿಯಂತ್ರಿತ ಬಸ್ಸಿನಲ್ಲಿ ಹೋಗಿಬಂದ ಮಗು ದಾಖಲೆಯಲ್ಲಿ ಗ್ರಾಮೀಣ. ಹತ್ತು ವರ್ಷದ ಗೆರೆಯ ಬದಲು ವರ್ಷಕ್ಕಿಷ್ಟು ಎಂದು ಅಂಕ ಕೊಟ್ಟರೆ ಈ ಪ್ರಪಾತ ಇಳಿಜಾರಾಗುತ್ತದೆ. ಪರಿಶೀಲನೆಯ ಕೆಲಸ ಮಾತ್ರ ಹೆಚ್ಚುತ್ತದೆ, ಪ್ರಮಾಣಪತ್ರದ ವ್ಯವಹಾರವೂ ಹೆಚ್ಚಬಹುದು.

ಇನ್ನು ಸೀಟು ಹಂಚಿಕೆ. ಗಣಕ ರ‍್ಯಾಂಕಿನ ಕ್ರಮದಲ್ಲಿ ಒಬ್ಬೊಬ್ಬರನ್ನೇ ತೆಗೆದುಕೊಂಡು, ಅವರು ಇಷ್ಟದ ಕ್ರಮದಲ್ಲಿ ಕೊಟ್ಟ ಕಾಲೇಜುಗಳ ಆಪ್ಷನ್ ಪಟ್ಟಿಯಲ್ಲಿ ಮೇಲಿನಿಂದ ನೋಡುತ್ತಾ, ಖಾಲಿ ಇರುವ ಮೊದಲ ಸೀಟನ್ನು ಕೊಡುತ್ತದೆ. ಇದರಲ್ಲಿ ಚಾಲಾಕಿತನಕ್ಕೆ ಜಾಗವಿಲ್ಲ. ಸಿಗುವ ಸಂಭವ ಕಡಿಮೆಯೆಂದು ಇಷ್ಟದ ಕಾಲೇಜನ್ನು ಕೆಳಗೆ ಹಾಕಿದರೆ ನಷ್ಟವೇ ಹೊರತು ಲಾಭವಿಲ್ಲ. ಅದನ್ನು ಮೇಲಿಟ್ಟ ಕಾರಣಕ್ಕೆ ಕೆಳಗಿನದು ಕೈತಪ್ಪುವುದೂ ಇಲ್ಲ. ನಿಜವಾದ ಹಂಚಿಕೆಗೆ ಮುನ್ನ ನಡೆಯುವ ಅಣಕು ಹಂಚಿಕೆಯ ಫಲಿತಾಂಶ ನೋಡಿ ಗಾಬರಿಯಿಂದ ಪಟ್ಟಿ ತಿರುಗಿಸುವವರು ಹೆಚ್ಚಾಗಿ ತಪ್ಪುವುದು ಇಲ್ಲಿಯೇ. ಅಣಕು ಹಂಚಿಕೆಯನ್ನು ಬಳಸಬೇಕಾದದ್ದು ಇನ್ನೊಂದಕ್ಕೆ: ನಿಮ್ಮ ಪ್ರವರ್ಗ, ಗ್ರಾಮೀಣ, ಕನ್ನಡ ಮಾಧ್ಯಮದ ಕ್ಲೇಮುಗಳು ದಾಖಲಾಗಿವೆಯೇ, ಪಿಯುಸಿ ಅಂಕ ಸರಿಯಾಗಿ ಬಂದಿದೆಯೇ ಎಂದು ನೋಡಲು. ಸೀಟು ಬಂದ ಮೇಲೆ ನಾಲ್ಕು ಛಾಯ್ಸ್: ಒಂದನೆಯದು ಒಪ್ಪಿ ಸೇರುವುದು, ಎರಡನೆಯದು ಇದನ್ನು ಕೈಯಲ್ಲಿಟ್ಟುಕೊಂಡು ಮುಂದಿನ ಸುತ್ತಿಗೆ ಕಾಯುವುದು, ಮೂರನೆಯದು ಇದನ್ನು ಬಿಟ್ಟು ಕಾಯುವುದು, ನಾಲ್ಕನೆಯದು ಪೂರ್ತಿ ಹೊರಬರುವುದು. ಎರಡನೆಯದನ್ನು ಆರಿಸಿದವರಿಗೆ ಮುಂದಿನ ಸುತ್ತಿನಲ್ಲಿ ಮೇಲಿನ ಆಪ್ಷನ್ ಸಿಕ್ಕರೆ ಹಳೆಯ ಸೀಟು ತಾನಾಗಿ ರದ್ದು, ಮತ್ತೆ ಬೇಕೆಂದರೂ ಸಿಗುವುದಿಲ್ಲ. ಆದ್ದರಿಂದ ಆ ಛಾಯ್ಸ್ ಒತ್ತುವ ಮೊದಲು, ಕೈಯಲ್ಲಿರುವುದಕ್ಕಿಂತ ಮೇಲಿನ ಸಾಲುಗಳಲ್ಲಿ ನಿಮಗೆ ನಿಜಕ್ಕೂ ಬೇಡವಾದ ಕಾಲೇಜು ಉಳಿದಿದ್ದರೆ ಅದನ್ನು ಅಳಿಸಿಬಿಡಿ.